ಉತ್ತರ ಗೊತ್ತು, ಅರ್ಥ ಗೊತ್ತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಶಾಲೆಯ ಭಾಷಾ ಪಾಠದ ಬಗ್ಗೆಯೇ ಇವೆ. ಅದಕ್ಕೆ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು, ಇದೊಂದನ್ನೇ ಹಿಡಿದುಕೊಂಡಿದ್ದೇನೆ. ಎಷ್ಟೋ ವರ್ಷ ಭಾಷೆ ಕಲಿಸಿದವಳು ನಾನು. ನೀವು ಬರೆದಿರುವ ತೊಂದರೆಗಳಲ್ಲಿ ಕೆಲವನ್ನು ನನ್ನ ಕ್ಲಾಸಿನಲ್ಲೇ ನೋಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಭಾಷಾ ಪರೀಕ್ಷೆಯಲ್ಲಿ ಯಾವಾಗಲೂ 100ಕ್ಕೆ 90ರ ಮೇಲೆಯೇ. ಮೊನ್ನೆ ಅಜ್ಜಿಗೆ ನಾಲ್ಕು ಸಾಲು ಪತ್ರ ಬರಿ ಅಂದರೆ ಅರ್ಧ ಗಂಟೆ ಪೆನ್ನು ಹಿಡಿದು ಸುಮ್ನೆ ಕೂತಳು. ‘ಏನು ಬರೀಬೇಕು ಹೇಳಮ್ಮ, ಬರೀತೀನಿ’ ಅಂದಳು. ಎಲ್ಲಿ ತಪ್ಪಾಗಿದೆ?

ಉತ್ತರ: ತಪ್ಪು ನಿಮ್ಮ ಮಗಳದ್ದಲ್ಲ, ಮೊದಲು ಅದನ್ನು ಮನಸ್ಸಿಗೆ ತಂದುಕೊಳ್ಳಿ. ಅವಳಿಗೆ ಶಾಲೆ ಏನು ಕಲಿಸಿತೋ ಅದನ್ನು ಚೆನ್ನಾಗಿಯೇ ಕಲಿತಿದ್ದಾಳೆ.

ಒಂದು ಸಣ್ಣ ಪ್ರಯೋಗ ಮಾಡೋಣ. ಈ ವಾಕ್ಯ ಓದಿ: ‘ಗುಡುಮೆಗಳು ಸಂಜೆ ಹೊತ್ತು ತೋಪಿಲವನ್ನು ಜಿರುಕಿ ಬೇಟುಳದ ಕಡೆ ಹೋದವು.’ ಈಗ ಪ್ರಶ್ನೆಗಳು. ಗುಡುಮೆಗಳು ಏನನ್ನು ಜಿರುಕಿದವು? ಯಾವಾಗ ಜಿರುಕಿದವು? ಆಮೇಲೆ ಎಲ್ಲಿಗೆ ಹೋದವು? ನೀವು ಮೂರಕ್ಕೂ ಉತ್ತರ ಕೊಟ್ಟಿರಿ ಅಲ್ವಾ? ತೋಪಿಲವನ್ನು, ಸಂಜೆ ಹೊತ್ತು, ಬೇಟುಳದ ಕಡೆ. 3ಕ್ಕೆ 3 ಮಾರ್ಕ್ಸ್. ಆದರೆ ಗುಡುಮೆ ಅಂದರೆ ಏನು, ಜಿರುಕುವುದು ಅಂದರೆ ಏನು, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈಗಷ್ಟೇ ನಾನು ಕಟ್ಟಿದ ಪದಗಳು ಅವು. ‘ಏನನ್ನು’ ಅಂತ ಕೇಳಿದರೆ ‘ಅನ್ನು’ ಇರುವ ಪದ ಹುಡುಕಬೇಕು, ‘ಯಾವಾಗ’ ಅಂದರೆ ಹೊತ್ತಿನ ಪದ ಹುಡುಕಬೇಕು, ಅಷ್ಟು ಗೊತ್ತಿದ್ದರೆ ಸಾಕು, ಪಾಠ ಅರ್ಥವಾಗದೆಯೂ ಪರೀಕ್ಷೆ ಪಾಸಾಗುತ್ತದೆ.

ಪಾಠದ ಕೊನೆಯಲ್ಲಿ ಬರುವ ಪ್ರಶ್ನೆಗಳಲ್ಲಿ ಇಂಥವು ಎಷ್ಟಿವೆ ಎಂದು ಇವತ್ತು ರಾತ್ರಿ ಮಗಳ ಪುಸ್ತಕ ತೆಗೆದು ನೀವೇ ಎಣಿಸಿ ನೋಡಿ. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ. ಇದರಲ್ಲಿ ಯಾವುದಕ್ಕೂ ಮಗು ತನ್ನದೇ ಒಂದು ವಾಕ್ಯ ಕಟ್ಟಬೇಕಾಗಿಲ್ಲ. ಉಳಿದದ್ದನ್ನು ಬೋರ್ಡಿನಿಂದ ಇಳಿಸಿಕೊಳ್ಳುತ್ತದೆ, ನೋಟ್ಸ್ ಉರು ಹೊಡೆಯುತ್ತದೆ. ಹೀಗೆ ಆರು ವರ್ಷ ಬೇರೆಯವರ ವಾಕ್ಯಗಳನ್ನೇ ಬರೆದ ಕೈಗೆ ಇದ್ದಕ್ಕಿದ್ದ ಹಾಗೆ ‘ನಿಂದೇ ಬರಿ’ ಅಂದರೆ ಅದು ನಿಂತುಬಿಡುತ್ತದೆ. ‘ಏನು ಬರೀಬೇಕು ಹೇಳು’ ಅಂತ ಅವಳು ಕೇಳಿದ್ದು ಸೋಮಾರಿತನದಿಂದಲ್ಲ. ಬರವಣಿಗೆ ಅಂದರೆ ಯಾರಾದರೂ ಹೇಳುವುದು, ತಾನು ಬರೆದುಕೊಳ್ಳುವುದು ಎಂದೇ ಅವಳು ನಂಬಿದ್ದಾಳೆ.

ಈಗ ಏನು ಮಾಡಬಹುದು? ಪತ್ರ ಪಕ್ಕಕ್ಕಿಡಿ. ‘ಅಜ್ಜಿ ಈಗ ಫೋನಿನಲ್ಲಿದ್ದರೆ ಮೊದಲು ಏನು ಹೇಳ್ತಿದ್ದೆ?’ ಎಂದು ಕೇಳಿ. ಬಾಯಿ ಬಿಟ್ಟು ಹೇಳಲಿ. ಹೇಳಿದ್ದನ್ನೇ ಅವಳ ಮಾತಿನಲ್ಲೇ ಬರೆಯಲಿ. ಕಾಗುಣಿತದ ತಪ್ಪನ್ನು ಮೊದಲ ಸಲ ತಿದ್ದಬೇಡಿ, ದಯವಿಟ್ಟು. ಕೆಂಪು ಪೆನ್ನು ಕಂಡ ಮಗು ಮುಂದಿನ ಸಲ ತನಗೆ ಬರೆಯಲು ಬರುವ ಪದಗಳನ್ನಷ್ಟೇ ಬಳಸುತ್ತದೆ, ಹೇಳಬೇಕೆಂದಿದ್ದ ವಿಷಯವನ್ನೇ ಬಿಟ್ಟುಬಿಡುತ್ತದೆ. ಪತ್ರ ಮುಗಿದ ಮೇಲೆ ಒಂದೇ ಒಂದು ಕಡೆ ಬೆರಳಿಟ್ಟು ‘ಇಲ್ಲಿ ಅಜ್ಜಿಗೆ ಅರ್ಥ ಆಗುತ್ತಾ?’ ಎಂದು ಕೇಳಿ. ಉಳಿದದ್ದು ಇನ್ನೊಂದು ದಿನಕ್ಕೆ ಇರಲಿ.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಶಿಕ್ಷಕಿ. ಮಕ್ಕಳಿಗೆ ಯೋಚಿಸುವ ಪ್ರಶ್ನೆ ಕೇಳಿ ಎಂದು ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. ಕೇಳಿದರೆ ಇಡೀ ಕ್ಲಾಸು ಮೌನ. ಕೈ ಎತ್ತುವುದು ಯಾವಾಗಲೂ ಅದೇ ಮೂರು ಮಕ್ಕಳು. ಉಳಿದವರಿಗೆ ನಿಜವಾಗಲೂ ಏನೂ ಹೊಳೆಯುವುದಿಲ್ಲವೇ?

ಉತ್ತರ: ಹೊಳೆಯುತ್ತದೆ. ಹೊಳೆಯುವಷ್ಟು ಹೊತ್ತು ನಾವು ಕಾಯುವುದಿಲ್ಲ.

ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ಇದ್ದರು. ಕ್ಲಾಸಿನ ಮಾತುಕತೆಯನ್ನು ಟೇಪಿನಲ್ಲಿ ಹಿಡಿದು, ಟೀಚರ್ ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂದು ಅಳೆದರು. ಸರಾಸರಿ ಸುಮಾರು 1 ಸೆಕೆಂಡು! ಅಷ್ಟರಲ್ಲಿ ಉತ್ತರ ಬರದಿದ್ದರೆ ಟೀಚರ್ ಬೇರೆ ಮಗುವನ್ನು ಕೇಳುತ್ತಾರೆ, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಾರೆ. ಇದನ್ನು 3 ಸೆಕೆಂಡಿಗೆ ಏರಿಸಿದಾಗ ಏನಾಯಿತು ಎಂದು ಅವರು 1974ರಲ್ಲಿ ಬರೆದರು. ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಕಡಿಮೆಯಾಯಿತು, ಯಾವಾಗಲೂ ಸುಮ್ಮನಿರುತ್ತಿದ್ದ ಮಕ್ಕಳು ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚಿತು.

3 ಸೆಕೆಂಡು ಅಂದರೆ ಏನು ಮಹಾ ಅನ್ನಿಸುತ್ತದೆ. ಕ್ಲಾಸಿನ ಮುಂದೆ ನಿಂತು ಒಮ್ಮೆ ಕಾದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ನಾನು ಮೊದಮೊದಲು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಬೆರಳು ಮಡಿಸಿ ಎಣಿಸುತ್ತಿದ್ದೆ. ಎರಡನೇ ಬೆರಳಿಗೇ ಬಾಯಿ ತೆರೆದುಬಿಡುತ್ತಿತ್ತು. ಅಭ್ಯಾಸವಾಗಲು ಒಂದು ಟರ್ಮ್ ಪೂರ್ತಿ ಬೇಕಾಯಿತು ನನಗೆ.

ಇನ್ನೊಂದು ಮಾತು. ಮಗು ಉತ್ತರ ಹೇಳಿದ ಕೂಡಲೇ ‘ವೆರಿ ಗುಡ್’ ಅಂದುಬಿಟ್ಟರೆ ಅಲ್ಲಿಗೆ ಎಲ್ಲರ ಯೋಚನೆಯೂ ನಿಂತುಹೋಗುತ್ತದೆ. ಅಲ್ಲೂ ಒಂದೆರಡು ಸೆಕೆಂಡು ಸುಮ್ಮನಿರಿ. ಹೇಳಿದ ಮಗುವೇ ‘ಯಾಕೆಂದ್ರೆ...’ ಎಂದು ಮುಂದುವರಿಸುತ್ತದೆ. ಅಸಲಿ ಉತ್ತರ ಬರುವುದು ಬಹಳ ಸಲ ಆ ‘ಯಾಕೆಂದ್ರೆ’ ಆದ ಮೇಲೆ. ಮತ್ತೆ, ಎಲ್ಲರ ಮುಂದೆ ಮಾತಾಡಲು ಹೆದರುವ ಮಕ್ಕಳಿಗೆ ಮೊದಲು ಪಕ್ಕದವರ ಹತ್ತಿರ ಹೇಳಲು ಬಿಡಿ. ಒಂದು ನಿಮಿಷ ತಾನೇ ಯೋಚಿಸುವುದು, ಒಂದು ನಿಮಿಷ ಪಕ್ಕದವರೊಂದಿಗೆ ಮಾತಾಡುವುದು, ಆಮೇಲೆ ಕ್ಲಾಸಿಗೆ ಹೇಳುವುದು. ಫ್ರಾಂಕ್ ಲೈಮನ್ ಎಂಬುವರು 1981ರಲ್ಲಿ ಹೇಳಿಕೊಟ್ಟ ಸರಳ ಕ್ರಮ ಇದು. ಸಾಮಾನು ಬೇಡ, ದುಡ್ಡು ಬೇಡ. ಬೆಂಚುಗಳನ್ನು ಸರಿಸುವುದೂ ಬೇಡ.

ಪ್ರಶ್ನೆ: ‘ವಿಮರ್ಶೆ ಮಾಡು, ಪ್ರಶ್ನೆ ಮಾಡು’ ಎಂದು ಚಿಕ್ಕ ಮಕ್ಕಳಿಗೆ ಕಲಿಸಿದರೆ ನಾಳೆ ಹಿರಿಯರಿಗೇ ಎದುರುತ್ತರ ಕೊಡುವುದಿಲ್ಲವೇ? ನನ್ನ ಮಗ ಈಗಲೇ ಎಲ್ಲದಕ್ಕೂ ವಾದ ಮಾಡುತ್ತಾನೆ.

ಉತ್ತರ: ಅವನು ವಾದ ಮಾಡುತ್ತಿದ್ದಾನೆ ಅಂದರೆ ಯಾರೂ ಅವನಿಗೆ ಕಾರಣ ಕೊಡುವುದನ್ನು ಇನ್ನೂ ಕಲಿಸಿಲ್ಲ ಅಂತ ಅರ್ಥ. ‘ನಾನು ಒಪ್ಪಲ್ಲ’ ಅನ್ನುವುದಕ್ಕೆ ಯಾವ ಕಲಿಕೆಯೂ ಬೇಡ, ಎರಡು ವರ್ಷದ ಮಗುವೂ ಅನ್ನುತ್ತದೆ. ‘ನನಗೆ ಹಾಗನ್ನಿಸುವುದಿಲ್ಲ, ಯಾಕೆಂದರೆ ಹೀಗೆ, ನೀವು ಹೇಳಿದ್ದರಲ್ಲಿ ಈ ಭಾಗ ಸರಿ, ಈ ಭಾಗ ನನಗೆ ಅರ್ಥವಾಗಲಿಲ್ಲ’ ಎಂದು ಹೇಳುವುದನ್ನು ಕಲಿಸಬೇಕು. ಅದನ್ನು ಕಲಿಸುವ ಜಾಗ ಭಾಷೆಯ ಪೀರಿಯಡ್ಡೇ. ವಿಮರ್ಶೆ ಅಂದರೆ ತಪ್ಪು ಹುಡುಕುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ಅದಕ್ಕೇ ಈ ಭಯ. ತನ್ನ ಮಾತನ್ನೇ ಪರೀಕ್ಷಿಸಿಕೊಳ್ಳುವುದು ಅದರಲ್ಲಿ ದೊಡ್ಡ ಪಾಲು. ಮಗ ಮುಂದಿನ ಸಲ ವಾದಕ್ಕೆ ನಿಂತಾಗ ‘ನಾನು ಹೇಳಿದ್ದು ಏನು ಅಂತ ಮೊದಲು ನಿನ್ನ ಮಾತಲ್ಲಿ ಹೇಳು, ಆಮೇಲೆ ನಿನ್ನ ಉತ್ತರ’ ಅನ್ನಿ. ಎರಡು ಕಡೆಯ ಸಿಟ್ಟೂ ಅಲ್ಲೇ ಅರ್ಧ ಇಳಿಯುತ್ತದೆ. ಹಾಂ, ಅವನು ಸರಿಯಾದ ಕಾರಣ ಕೊಟ್ಟ ದಿನ ನೀವೂ ಒಪ್ಪಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ವ್ಯಾಕರಣ ಕಲಿಸುವುದನ್ನೇ ಬಿಟ್ಟುಬಿಡಬೇಕು ಎನ್ನುವವರೂ ಇದ್ದಾರೆ, ವ್ಯಾಕರಣ ಇಲ್ಲದೆ ಭಾಷೆಯೇ ಇಲ್ಲ ಎನ್ನುವವರೂ ಇದ್ದಾರೆ. ನಿಮ್ಮ ಅಭಿಪ್ರಾಯ?

ಉತ್ತರ: ಬಿಡಬಾರದು. ಆದರೆ ಈಗ ಕಲಿಸುವ ರೀತಿಯನ್ನು ಬಿಡಬೇಕು.

ಈಗ ಹೇಗೆ? ಸಂಧಿ ಎಂದರೇನು, ಸಮಾಸ ಎಂದರೇನು, ಎಷ್ಟು ವಿಧ, ಉದಾಹರಣೆ ಕೊಡಿ. ಮಗು ವ್ಯಾಖ್ಯಾನ ಬಾಯಿಪಾಠ ಮಾಡುತ್ತದೆ. ಅದರಿಂದ ಅದರ ಬರವಣಿಗೆ ಉತ್ತಮವಾಗುತ್ತದೆಯೇ? ಅಮೆರಿಕದ ಶಿಕ್ಷಣ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ, 4ರಿಂದ 12ನೇ ತರಗತಿಯವರೆಗಿನ ಮಕ್ಕಳ ಬರವಣಿಗೆಯ ಬಗ್ಗೆ ನಡೆದ ಎಷ್ಟೋ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಬಿಡಿಬಿಡಿಯಾಗಿ ವ್ಯಾಕರಣದ ನಿಯಮ ಕಲಿಸಿದ್ದರಿಂದ ಬರವಣಿಗೆಗೆ ಲಾಭ ಕಾಣಲಿಲ್ಲ. ಎರಡು ಮೂರು ಸಣ್ಣ ವಾಕ್ಯಗಳನ್ನು ಸೇರಿಸಿ ಒಂದು ಮಾಡುವ ಅಭ್ಯಾಸದಿಂದ, ಓದಿದ್ದನ್ನು ತನ್ನ ಮಾತಿನಲ್ಲಿ ಸಾರಾಂಶ ಬರೆಯುವುದನ್ನು ಹೇಳಿಕೊಟ್ಟಿದ್ದರಿಂದ ಚೆನ್ನಾಗಿಯೇ ಲಾಭವಾಗಿತ್ತು.

ನನ್ನನ್ನು ಕೇಳಿದರೆ ವ್ಯಾಕರಣ ಯೋಚನೆ ಕಲಿಸುವ ಅತ್ಯುತ್ತಮ ಸಾಧನ. ಕನ್ನಡದಲ್ಲಂತೂ ಅದಕ್ಕೆ ಬೇಕಾದದ್ದು ನಾಲಿಗೆಯ ಮೇಲೆಯೇ ಇದೆ. ಇದನ್ನು ನೋಡಿ:

ಮಳೆ ಬಂತು.
ಮಳೆ ಬಂತಂತೆ.
ಮಳೆ ಬಂದಿರಬೇಕು.
ಮಳೆ ಬಂದಿರಬಹುದು.

ಮೊದಲನೆಯದನ್ನು ಹೇಳುವವರು ತಾವೇ ನೋಡಿದವರು. ಎರಡನೆಯದನ್ನು ಹೇಳುವವರಿಗೆ ಯಾರೋ ಹೇಳಿದ್ದಾರೆ. ಮೂರನೆಯವರು ನೆಲ ಒದ್ದೆಯಾಗಿರುವುದನ್ನು ನೋಡಿ ಊಹಿಸಿದ್ದಾರೆ. ನಾಲ್ಕನೆಯವರ ಹತ್ತಿರ ಅಷ್ಟೂ ಆಧಾರ ಇಲ್ಲ, ಇದ್ದರೂ ಇರಬಹುದು ಅಂತಿದ್ದಾರೆ. ಶಾಲೆಗೆ ಬರುವ ಮೊದಲೇ ಮಕ್ಕಳು ಇದನ್ನೆಲ್ಲ ತಪ್ಪಿಲ್ಲದೆ ಬಳಸುತ್ತಾರೆ. ‘ನಿನಗೆ ಹೇಗೆ ಗೊತ್ತಾಯ್ತು?’ ಎಂಬ ಪ್ರಶ್ನೆಗೆ ಉತ್ತರ ಕ್ರಿಯಾಪದದ ಕೊನೆಯಲ್ಲೇ ಕೂತಿದೆ. ಎಂಥ ಸೊಗಸಾದ ವಿಷಯ! ಇದನ್ನು ಬಿಟ್ಟು ನಾವು ಕ್ರಿಯಾಪದದ ವ್ಯಾಖ್ಯಾನ ಬರೆಸುತ್ತಿದ್ದೇವೆ.

ನಾನು ಏಳನೇ ಕ್ಲಾಸಿನಲ್ಲಿ ಒಂದು ಸುದ್ದಿ ಕೊಟ್ಟು, ‘ಅಂತೆ’ ಇರುವ ಕಡೆಗೆಲ್ಲ ಗೆರೆ ಎಳೆಯಿರಿ ಎಂದೆ. ಬೇಗ ಮುಗಿಸಿದರು. ಆಮೇಲೆ, ‘ಅಂತೆ’ ಇರಬೇಕಾಗಿತ್ತು ಆದರೆ ಇಲ್ಲ, ಅಂಥ ಜಾಗ ಹುಡುಕಿ ಎಂದೆ. ಸ್ವಲ್ಪ ಹೊತ್ತು ಯಾರೂ ಅಲುಗಾಡಲಿಲ್ಲ. ಆಮೇಲೆ ಒಂದು ಹುಡುಗಿ, ‘ಮಿಸ್, ಇದನ್ನು ಬರೆದವರು ಅಲ್ಲಿ ಇದ್ದರಾ?’ ಅಂದಳು. ಅವತ್ತಿನ ಪೀರಿಯಡ್ ಪೂರ್ತಿ ಆ ಒಂದು ಪ್ರಶ್ನೆಯ ಮೇಲೆಯೇ ನಡೆಯಿತು.

ಕರ್ಮಣಿ ಪ್ರಯೋಗವೂ ಹಾಗೆಯೇ. ‘ಮರಗಳನ್ನು ಕಡಿಯಲಾಯಿತು.’ ಯಾರು ಕಡಿದರು? ವಾಕ್ಯದಲ್ಲಿಲ್ಲ. ಯಾಕಿಲ್ಲ? ಹೇಳುವ ಅಗತ್ಯವಿರಲಿಲ್ಲವೋ, ಹೇಳುವ ಮನಸ್ಸಿರಲಿಲ್ಲವೋ? ಕರ್ತರಿಯನ್ನು ಕರ್ಮಣಿಗೆ ಬದಲಾಯಿಸಿ ಎಂದು ಹತ್ತು ವಾಕ್ಯ ಕೊಡುವ ಬದಲು ಈ ಪ್ರಶ್ನೆ ಕೇಳಿದರೆ ಮಕ್ಕಳು ಜೀವಮಾನದಲ್ಲಿ ಕರ್ಮಣಿ ಪ್ರಯೋಗ ಮರೆಯುವುದಿಲ್ಲ.

ಪ್ರಶ್ನೆ: ನಾನು ಗಣಿತದ ಮೇಷ್ಟ್ರು. ಯೋಚನಾಶಕ್ತಿಗೆಂದೇ ಬೇರೆ ಪೀರಿಯಡ್ ಇಡಬೇಕು ಎಂಬ ಮಾತು ನಮ್ಮ ಶಾಲೆಯಲ್ಲಿ ನಡೆಯುತ್ತಿದೆ. ಇದು ಭಾಷಾ ಶಿಕ್ಷಕರ ಕೆಲಸ ಅಲ್ಲವೇ? ನಾವು ಲೆಕ್ಕ ಮಾಡಿಸಿದರೆ ಸಾಲದೇ?

ಉತ್ತರ: ಸರ್, ನಿಮಗೊಂದು ಲೆಕ್ಕ. ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸೆಷ್ಟು?

1979ರಲ್ಲಿ ಫ್ರಾನ್ಸಿನ ಗ್ರನೋಬಲ್‌ನ ಗಣಿತ ಶಿಕ್ಷಣ ಸಂಶೋಧಕರು ಇದನ್ನು ಚಿಕ್ಕ ತರಗತಿಯ 97 ಮಕ್ಕಳಿಗೆ ಕೊಟ್ಟರು. 76 ಮಕ್ಕಳು ಕೊಟ್ಟ ಅಂಕಿಗಳನ್ನೇ ಹಿಡಿದು ಲೆಕ್ಕ ಮಾಡಿ ಉತ್ತರ ಬರೆದರು. 26ಕ್ಕೆ 10 ಕೂಡಿಸಿದರೆ 36, ಕ್ಯಾಪ್ಟನ್ನಿಗೆ 36 ವರ್ಷ! ಈ ಮಕ್ಕಳಿಗೆ ಕೂಡುವುದು ಬರುತ್ತದೆ, ಓದುವುದೂ ಬರುತ್ತದೆ. ಆದರೆ ಲೆಕ್ಕದ ಮಾತನ್ನು ಅರ್ಥಕ್ಕಾಗಿ ಓದಬೇಕು ಎಂಬುದು ಗೊತ್ತಿಲ್ಲ. ಅಂಕಿ ಆರಿಸಿಕೊ, ಗುರುತು ಹಾಕು, ಉತ್ತರ ಬರಿ. ನನ್ನ ‘ಗುಡುಮೆ’ ವಾಕ್ಯಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಹಾಗಾಗಿ ಇದು ನಿಮ್ಮ ಕೆಲಸವೂ ಹೌದು. ವಾರಕ್ಕೊಮ್ಮೆ ಉತ್ತರವೇ ಇಲ್ಲದ ಒಂದು ಲೆಕ್ಕ ಕೊಡಿ. ‘ಇದನ್ನು ಮಾಡೋಕಾಗಲ್ಲ, ಇಂಥ ವಿವರ ಬೇಕು’ ಎಂದು ಬರೆದವರಿಗೆ ಪೂರ್ತಿ ಮಾರ್ಕ್ಸ್.

ಬೇರೆ ಪೀರಿಯಡ್ ವಿಚಾರ. ಅಮೆರಿಕದ ಮ್ಯಾಥ್ಯೂ ಲಿಪ್ಮನ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರು ಕಾಲೇಜು ಹುಡುಗರಿಗೆ ತರ್ಕ ಕಲಿಸುವಾಗ, ಇದು ತೀರಾ ತಡವಾಯಿತು ಅನ್ನಿಸಿ ಮಕ್ಕಳಿಗಾಗಿ ಕಥೆಗಳನ್ನೇ ಬರೆದರು, 1974ರಲ್ಲಿ ಅದಕ್ಕಾಗಿ ಒಂದು ಸಂಸ್ಥೆಯನ್ನೂ ಕಟ್ಟಿದರು. ಮಕ್ಕಳು ವೃತ್ತಾಕಾರದಲ್ಲಿ ಕೂತು ಕಥೆ ಓದಿ, ತಮಗೆ ಕಾಡಿದ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಅದನ್ನೇ ಚರ್ಚಿಸುವುದು. ಇಂಥ ಪೀರಿಯಡ್ ಇದ್ದರೆ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಅದೊಂದರಿಂದ ಸಾಲದು. ವಿಷಯ ಗೊತ್ತಿಲ್ಲದೆ ಬರೀ ಯೋಚನೆ ಮಾಡಲು ಬರುವುದಿಲ್ಲ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ಸಂಶೋಧಕಿಯರು 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಬಗ್ಗೆ ಒಂದು ಬರಹ ಓದಿಸಿದರು. ಓದಿನಲ್ಲಿ ಹಿಂದಿದ್ದು ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ವಿಜ್ಞಾನ, ಇತಿಹಾಸ, ಲೆಕ್ಕ, ಎಲ್ಲ ಪಾಠದೊಳಗೂ ಯೋಚನೆ ಇರಬೇಕು ಎನ್ನುವುದು ಅದಕ್ಕೇ. ವಾರಕ್ಕೊಂದು ಪೀರಿಯಡ್ ಯೋಚಿಸಿ, ಉಳಿದ ಹೊತ್ತೆಲ್ಲ ಉರು ಹೊಡೆದರೆ ಏನು ಬಂತು?

ಪ್ರಶ್ನೆ: ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು. ಮಗು ಯಾವುದರಲ್ಲಿ ಯೋಚಿಸಬೇಕು?

ಉತ್ತರ: ಬರುವ ಭಾಷೆಯಲ್ಲಿ. ಮಗುವಿಗೆ ಕಲಿಸಲು ಅತ್ಯುತ್ತಮ ಮಾಧ್ಯಮ ತಾಯ್ನುಡಿ ಎಂದು ಯುನೆಸ್ಕೊ 1953ರಲ್ಲೇ ಹೇಳಿತ್ತು. ಪ್ರಪಂಚದ ಸುಮಾರು 40 ಶೇಕಡಾ ಜನರಿಗೆ ತಾವು ಆಡುವ, ಅರ್ಥ ಮಾಡಿಕೊಳ್ಳುವ ಭಾಷೆಯಲ್ಲಿ ಶಿಕ್ಷಣ ಸಿಗುತ್ತಿಲ್ಲ ಎಂದು ಅದೇ ಯುನೆಸ್ಕೊ 2016ರಲ್ಲಿ ಹೇಳಿತು. ಶಾಲೆಯ ಭಾಷೆ ಬದಲಿಸುವುದು ನಿಮ್ಮ ಕೈಯಲ್ಲಿ ಇಲ್ಲದೆ ಇರಬಹುದು. ಆದರೆ ಪಾಠದ ವಿಷಯವನ್ನು ಮನೆಯಲ್ಲಿ ಮನೆಯ ಭಾಷೆಯಲ್ಲೇ ಮಾತಾಡಿ. ಒಂದು ಭಾಷೆಯಲ್ಲಿ ಕಾರಣ ಕೊಡಲು, ಹೋಲಿಸಲು ಕಲಿತ ಮಗು ಅದನ್ನು ಇನ್ನೊಂದು ಭಾಷೆಗೂ ಒಯ್ಯುತ್ತದೆ, ಮತ್ತೆ ಮೊದಲಿಂದ ಕಲಿಯಬೇಕಾಗಿಲ್ಲ. ಕ್ಲಾಸಿನಲ್ಲೂ, ಮಗು ಉತ್ತರದ ಮಧ್ಯೆ ಮನೆಯ ಮಾತಿಗೆ ಜಾರಿದರೆ ತಡೆಯಬೇಡಿ. ಹೇಳಿ ಮುಗಿಸಲಿ, ಶಾಲೆಯ ಮಾತಿನಲ್ಲಿ ಹೇಗೆ ಹೇಳುವುದು ಅಂತ ಆಮೇಲೆ ಎಲ್ಲರೂ ಸೇರಿ ನೋಡಬಹುದು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಪ್ರಬಂಧ ಬೇಕೆಂದರೆ ಎಐ ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ಯಾವ ಮಾಹಿತಿ ಬೇಕಾದರೂ ಫೋನಿನಲ್ಲಿದೆ. ಹಾಗಿದ್ದ ಮೇಲೆ ನಾವೇ ಯಾಕೆ ಕೂತು ಬರೆಯಬೇಕು?

ಉತ್ತರ: ಪ್ರಾಮಾಣಿಕವಾಗಿ ಕೇಳಿದ್ದೀರಿ, ಸಂತೋಷ. ನಿಮಗೆ ಈವರೆಗೆ ಕೊಟ್ಟ ಪ್ರಬಂಧದ ವಿಷಯಗಳು ಎಂಥವು ಎಂದು ನಾನು ಊಹಿಸಬಲ್ಲೆ. ಪುಸ್ತಕದ ಮಹತ್ವ, ಪರಿಸರ ಮಾಲಿನ್ಯ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಅದನ್ನು ಯಂತ್ರ ಬರೆದರೂ ಒಂದೇ, ಗೈಡ್ ನೋಡಿ ಬರೆದರೂ ಒಂದೇ. ಯಾಕೆಂದರೆ ಅಲ್ಲಿ ನೀವು ಇರಲೇ ಇಲ್ಲ. ಆದ್ದರಿಂದ ಮೊದಲು ಬದಲಾಗಬೇಕಾದದ್ದು ನಮ್ಮ ವಿಷಯಗಳು.

ಆದರೆ ನಿಮಗೆ ನಿಜವಾಗಿ ಏನೋ ಅನ್ನಿಸಿದ ವಿಷಯ ತೆಗೆದುಕೊಂಡು ಬರೆಯಲು ಕೂತು ನೋಡಿ. ಎರಡನೇ ವಾಕ್ಯಕ್ಕೇ ‘ಅರೆ, ಇದು ಯಾಕೆ ಸರಿ ಅಂತ ನನಗೇ ಗೊತ್ತಿಲ್ಲವಲ್ಲ’ ಅನ್ನಿಸುತ್ತದೆ. ತಲೆಯಲ್ಲಿದ್ದಾಗ ಚೆನ್ನಾಗಿಯೇ ಇದ್ದ ವಿಚಾರ ಹಾಳೆಗೆ ಬಂದಾಗ ತೂತು ತೋರಿಸುತ್ತದೆ. ಆ ತೂತು ಕಾಣಲಿ ಎಂದೇ ನಾವು ಬರೆಯುವುದು. ಬೇರೆಯವರು ಬರೆದುಕೊಟ್ಟರೆ ಹಾಳೆ ತುಂಬುತ್ತದೆ, ನಿಮ್ಮ ತೂತು ಹಾಗೇ ಇರುತ್ತದೆ.

ಮಾಹಿತಿ ಫೋನಿನಲ್ಲಿದೆ ಅಂದಿರಿ. ಇದೆ, ಆದರೆ ಯಾವುದು ನಂಬಬೇಕಾದ್ದು? 2016ರಲ್ಲಿ ಸ್ಟಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಅಮೆರಿಕದ ಶಾಲಾ ಮಕ್ಕಳಿಗೆ ಒಂದು ವೆಬ್ ಪುಟ ತೋರಿಸಿದರು. ಅದರಲ್ಲಿದ್ದ ಒಂದು ಬರಹದ ಮೇಲೆ ಅದು ಪ್ರಾಯೋಜಿತ (ಅಂದರೆ ದುಡ್ಡು ಕೊಟ್ಟು ಹಾಕಿಸಿದ್ದು) ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಆದರೂ ಮಿಡ್ಲ್ ಸ್ಕೂಲಿನ 80 ಶೇಕಡಾಕ್ಕಿಂತ ಹೆಚ್ಚು ಮಕ್ಕಳು ಅದನ್ನು ನಿಜವಾದ ಸುದ್ದಿ ಎಂದೇ ತಿಳಿದರು. ಪೀಸಾ ಎಂದು ಹಲವು ದೇಶಗಳ ಮಕ್ಕಳಿಗೆ ನಡೆಸುವ ಒಂದು ಪರೀಕ್ಷೆ ಇದೆ. 2018ರ ಆ ಪರೀಕ್ಷೆಯಲ್ಲಿ, ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಕೂಟದ 15 ವರ್ಷದ ಮಕ್ಕಳಲ್ಲಿ ಮೇಲ್ನೋಟಕ್ಕೆ ಕಾಣದ ಸುಳಿವು ಹಿಡಿದು, ಇದು ಸಂಗತಿ, ಇದು ಅಭಿಪ್ರಾಯ ಎಂದು ಬೇರ್ಪಡಿಸಲು ಬಂದದ್ದು 10ರಲ್ಲಿ ಒಬ್ಬರಿಗಿಂತ ಕಡಿಮೆ ಮಕ್ಕಳಿಗೆ. ಹುಟ್ಟಿದಾಗಿನಿಂದ ಫೋನ್ ನೋಡಿದವರೇ ಇವರು.

ದೊಡ್ಡವರೇನೂ ಮೇಲಲ್ಲ. ಸ್ಟಾನ್‌ಫೋರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಇನ್ನೊಂದು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. 10 ಇತಿಹಾಸಕಾರರು, 25 ಕಾಲೇಜು ವಿದ್ಯಾರ್ಥಿಗಳು, 10 ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು, ಅಂದರೆ ಸುದ್ದಿ ನಿಜವೋ ಸುಳ್ಳೋ ಎಂದು ಪರಿಶೀಲಿಸುವವರು. ಇವರಿಗೆಲ್ಲ ಕೆಲವು ವೆಬ್ ಪುಟಗಳನ್ನು ತೋರಿಸಿ, ಎಷ್ಟು ನಂಬಬಹುದು ಎಂದು ಕೇಳಿದರು. ಇತಿಹಾಸಕಾರರಲ್ಲಿ, ವಿದ್ಯಾರ್ಥಿಗಳಲ್ಲಿ ಅನೇಕರು ತೋರಿಸಿದ ಪುಟವನ್ನೇ ಮೇಲಿಂದ ಕೆಳಗೆ ಓದುತ್ತಾ ಕೂತು ಚಂದದ ಲೋಗೊ, ಗಂಭೀರವಾದ ಹೆಸರು ನೋಡಿ ಮೋಸಹೋದರು. ಫ್ಯಾಕ್ಟ್ ಚೆಕರ್‌ಗಳು ಬೇಗನೆ ಆ ಪುಟ ಬಿಟ್ಟು ಬೇರೆ ಟ್ಯಾಬ್ ತೆರೆದು, ಪುಟ ನಡೆಸುವ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ಇದನ್ನು ಎರಡು ಪೀರಿಯಡ್‌ಗಳಲ್ಲಿ ಕಲಿಸಲು ಶುರು ಮಾಡಬಹುದು. ನಿಮ್ಮ ಎಐ ಕೊಟ್ಟ ಪ್ರಬಂಧವನ್ನೇ ಕ್ಲಾಸಿಗೆ ತನ್ನಿ, ಒಂದೊಂದು ವಾಕ್ಯಕ್ಕೂ ‘ಇದು ಯಾರಿಗೆ ಹೇಗೆ ಗೊತ್ತು’ ಎಂದು ಕೇಳುತ್ತಾ ಹೋಗಿ. ಎಷ್ಟು ವಾಕ್ಯ ಉಳಿಯುತ್ತವೆ ಎಂದು ನನಗೂ ಬರೆದು ತಿಳಿಸಿ.

ಪ್ರಶ್ನೆ: ನಾನು ಹೆಡ್‌ಮಾಸ್ಟರ್. ನೀವು ಹೇಳುವುದೆಲ್ಲ ಕೇಳಲು ಚೆನ್ನಾಗಿದೆ. ಒಂದೊಂದು ಕ್ಲಾಸಿನಲ್ಲಿ 60 ಮಕ್ಕಳು. ಪೋರ್ಷನ್ ಮುಗಿಸಬೇಕು, ರಿಸಲ್ಟ್ ಬರಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಪ್ರಶ್ನೆಪತ್ರಿಕೆಯಿಂದ. ನೀವು ಎಷ್ಟೇ ತರಬೇತಿ ಕೊಡಿಸಿ, ಪರೀಕ್ಷೆಯಲ್ಲಿ ಏನು ಬರುತ್ತದೋ ಕ್ಲಾಸಿನಲ್ಲಿ ಅದೇ ನಡೆಯುತ್ತದೆ. ಮಕ್ಕಳೂ ಅದನ್ನೇ ಓದುತ್ತಾರೆ, ಅವರ ಮೇಲೆ ಬೇಜಾರು ಮಾಡಿಕೊಂಡು ಪ್ರಯೋಜನವಿಲ್ಲ. ಪಬ್ಲಿಕ್ ಪರೀಕ್ಷೆ ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಕಿರುಪರೀಕ್ಷೆ ನಿಮ್ಮ ಕೈಯಲ್ಲಿದೆ. ಅದರಲ್ಲಿ ಒಂದೇ ಒಂದು ಪ್ರಶ್ನೆ ಬದಲಿಸಿ.

ಬಾಯಾರಿದ ಕಾಗೆಯ ಕಥೆ ಎಲ್ಲರಿಗೂ ಗೊತ್ತು. ‘ಕಾಗೆ ಹೂಜಿಗೆ ಏನನ್ನು ಹಾಕಿತು?’ ಎಂದು ಕೇಳಿದರೆ ‘ಕಲ್ಲುಗಳನ್ನು’, ಅಲ್ಲಿಗೆ ಮುಗಿಯಿತು. ನಾನು ಒಂದು ವರ್ಷ, ‘ಹೂಜಿಯಲ್ಲಿ ನೀರು ತೀರಾ ತಳದಲ್ಲಿದ್ದಿದ್ದರೆ ಈ ಉಪಾಯ ನಡೆಯುತ್ತಿತ್ತೇ? ಯಾಕೆ?’ ಎಂದು ಕೇಳಿದೆ. ಹೆಚ್ಚಿನವರು ‘ನಡೆಯುತ್ತಿತ್ತು, ಜಾಸ್ತಿ ಕಲ್ಲು ಹಾಕಬೇಕಿತ್ತು’ ಎಂದು ಬರೆದರು. ನನಗೂ ಅದೇ ಸರಿ ಅನ್ನಿಸಿತ್ತು. ಮಾರನೇ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಗಾಜಿನ ಬಾಟಲಿ, ಒಂದು ಚೀಲ ಕಲ್ಲು ತಂದ. ಬಾಟಲಿಯ ಕಾಲು ಭಾಗ ನೀರು ಹಾಕಿ ಒಂದೊಂದೇ ಕಲ್ಲು ಬಿಟ್ಟ. ಬಾಟಲಿ ಬಾಯಿತನಕ ಕಲ್ಲು ತುಂಬಿತು, ನೀರು ಮಾತ್ರ ಮಧ್ಯದಲ್ಲೇ ಕಲ್ಲುಗಳ ಸಂದಿಯಲ್ಲಿ ನಿಂತಿತ್ತು. ಕಲ್ಲು ತುಂಬಿದ ಪಾತ್ರೆಯಲ್ಲಿ ಸುಮಾರು 40 ಶೇಕಡಾ ಜಾಗ ಸಂದಿಗಳದ್ದೇ ಇರುತ್ತದೆ, ನೀರು ಅದಕ್ಕಿಂತ ಕಡಿಮೆ ಇದ್ದರೆ ಬಾಯಿತನಕ ಬರುವುದಿಲ್ಲ. ಇದನ್ನು ನಾನು ಕಲಿತದ್ದು ಅವನಿಂದ. ಕ್ಲಾಸಿಗೆ ಕ್ಲಾಸೇ ಎದ್ದು ನಿಂತು ನೋಡುತ್ತಿತ್ತು. ಆ ಹುಡುಗ ಅದುವರೆಗೆ ಭಾಷೆಯಲ್ಲಿ ಒಮ್ಮೆಯೂ ಪಾಸಾಗಿರಲಿಲ್ಲ.

(ಕಾಗೆ ಜಾತಿಗೇ ಸೇರಿದ ರೂಕ್ ಹಕ್ಕಿಗಳು ನಿಜವಾಗಿಯೂ ಕಲ್ಲು ಹಾಕಿ ನೀರಿನ ಮಟ್ಟ ಏರಿಸಿ ತೇಲುವ ಹುಳು ಹಿಡಿದದ್ದನ್ನು, ಸಣ್ಣ ಕಲ್ಲಿಗಿಂತ ದೊಡ್ಡ ಕಲ್ಲನ್ನೇ ಆರಿಸಿದ್ದನ್ನು ಬರ್ಡ್ ಮತ್ತು ಎಮರಿ ಎಂಬ ವಿಜ್ಞಾನಿಗಳು 2009ರಲ್ಲಿ ವರದಿ ಮಾಡಿದ್ದಾರೆ. ಇದನ್ನೂ ಮಕ್ಕಳಿಗೆ ಹೇಳಿ, ತುಂಬಾ ಖುಷಿಪಡುತ್ತಾರೆ.)

60 ಉತ್ತರ ತಿದ್ದುವುದು ಹೇಗೆ ಎಂದು ಕೇಳುತ್ತೀರಿ. ಒಂದು ಸಲಕ್ಕೆ 10 ಪುಸ್ತಕ ಪೂರ್ತಿ ನೋಡಿ, ಉಳಿದವರು ಪರಸ್ಪರ ಬದಲಾಯಿಸಿ ಓದಲಿ. ಓದುವ ಮಗುವಿಗೆ ಒಂದೇ ಕೆಲಸ: ‘ಇಲ್ಲಿ ಕಾರಣ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಗೆರೆ ಎಳಿ.’ ಮಾರ್ಕ್ಸ್ ಕೊಡುವಾಗ ಮಾತ್ರ ಒಂದು ನಿಯಮ ಗಟ್ಟಿಯಾಗಿ ಹಿಡಿಯಿರಿ. ಉತ್ತರ ನಿಮ್ಮದಕ್ಕಿಂತ ಬೇರೆಯಾಗಿದ್ದರೂ ಕಾರಣ ಸರಿಯಾಗಿದ್ದರೆ ಮಾರ್ಕ್ಸ್ ಸಿಗಬೇಕು. ಇದನ್ನು ಶಿಕ್ಷಕರಿಗೆ ನೀವೇ, ಹೆಡ್‌ಮಾಸ್ಟರ್ ಆಗಿ, ಬಾಯಿಬಿಟ್ಟು ಹೇಳಬೇಕು. ನೀವು ಹೇಳದಿದ್ದರೆ ಅವರಿಗೆ ಧೈರ್ಯ ಬರುವುದಿಲ್ಲ.

ಪ್ರಶ್ನೆ: ನಾನು ಏಳನೇ ಕ್ಲಾಸು. ಪರೀಕ್ಷೆಯಲ್ಲಿ ಉತ್ತರವನ್ನು ನನ್ನ ಸ್ವಂತ ವಾಕ್ಯದಲ್ಲಿ ಬರೆದೆ. ನೋಟ್ಸಿನಲ್ಲಿ ಇದ್ದ ಹಾಗೆ ಇಲ್ಲ ಎಂದು ಅರ್ಧ ಮಾರ್ಕ್ಸ್ ಕಟ್ ಮಾಡಿದರು. ಇನ್ನು ಮುಂದೆ ಹೇಗೆ ಬರೆಯಲಿ?

ಉತ್ತರ: ಪುಟ್ಟಾ, ನಿನ್ನ ಪತ್ರವನ್ನು ನಾನು ಎರಡು ಸಲ ಓದಿದೆ. ಆ ಅರ್ಧ ಮಾರ್ಕ್ಸ್ ಹೋದದ್ದು ನನಗೂ ಬೇಸರವಾಯಿತು.

ಮೊದಲು ನಿನ್ನ ಉತ್ತರವನ್ನೂ ನೋಟ್ಸಿನ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೀನೇ ನೋಡು. ನೋಟ್ಸಿನಲ್ಲಿದ್ದ ಯಾವುದಾದರೂ ವಿಷಯ ನಿನ್ನದರಲ್ಲಿ ಬಿಟ್ಟುಹೋಗಿದೆಯಾ? ಬಿಟ್ಟುಹೋಗಿದ್ದರೆ ಮುಂದಿನ ಸಲ ಅದನ್ನೂ ಸೇರಿಸಿ ಬರಿ, ಆದರೆ ನಿನ್ನ ಮಾತಿನಲ್ಲೇ. ಏನೂ ಬಿಟ್ಟಿಲ್ಲ, ಪದಗಳಷ್ಟೇ ಬೇರೆ ಎಂದಾದರೆ ಬಿಡುವಿನ ಹೊತ್ತಿನಲ್ಲಿ ಟೀಚರ್ ಹತ್ತಿರ ಹೋಗಿ, ‘ಇದರಲ್ಲಿ ಅರ್ಥ ಎಲ್ಲಿ ಬದಲಾಗಿದೆ, ಹೇಳಿಕೊಡಿ’ ಎಂದು ಕೇಳು. ಮಾರ್ಕ್ಸ್ ಕೇಳಬೇಡ, ಅರ್ಥ ಕೇಳು. ಬಹಳ ಟೀಚರ್‌ಗಳಿಗೆ ಇಂಥ ಪ್ರಶ್ನೆ ಕೇಳುವ ಮಕ್ಕಳು ಇಷ್ಟ. ಅವರಿಗೂ ಎಷ್ಟೋ ಉತ್ತರ ಪತ್ರಿಕೆ ತಿದ್ದುವ ಅವಸರ ಇರುತ್ತದೆ.

ಅಪ್ಪ ಅಮ್ಮನಿಗೂ ಈ ಉತ್ತರ ತೋರಿಸು. ಮತ್ತೆ ನನಗೆ ಆ ಎರಡು ವಾಕ್ಯಗಳನ್ನು ಬರೆದು ಕಳಿಸು, ನೋಟ್ಸಿನದ್ದು ಒಂದು, ನಿನ್ನದು ಒಂದು. ಪಾಠದ ಹೆಸರನ್ನೂ ಬರಿ. ನಾನು ಓದಿ, ನನಗೆ ಅರ್ಥ ಬದಲಾದ ಹಾಗೆ ಕಂಡರೆ ಎಲ್ಲಿ ಎಂದು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.